ಎಲ್ಲ ಸರಿ. ಊಟ ಆಯ್ತಾ ಅಕ್ಕ

ನನಗೆ ಯಾರು ಫೋನ್ ಮಾಡಿದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಈಗ ನಿನ್ನ ಕಿಟಕಿಯ ಹೊರಗೆ ಎಂತ ಕಾಣ್ತದೆ?"

ಹೊಸಬರಿಗೆ ಇದು ತಮಾಷೆ. ಹಳಬರಿಗೆ ಅಭ್ಯಾಸವಾಗಿದೆ. ತಂಗಿಯ ಮಗಳು ಬೇಸರವಿಲ್ಲದೆ ಹೇಳುತ್ತಾಳೆ, "ಎದುರುಮನೆಯ ಟವೆಲ್ ಕಾಣ್ತದೆ ದೊಡ್ಡಮ್ಮ. ಕೆಂಪು ಟವೆಲ್. ನಿನ್ನೆಯಿಂದ ಒಣಗಿಲ್ಲ. ಸಾಕಾ?" ಸಾಕು. ಒಮ್ಮೆ ಗ್ಯಾಸ್ ಸಿಲಿಂಡರ್ ತಲುಪಿತೇ ಎಂದು ವಿಚಾರಿಸಲು ಫೋನ್ ಮಾಡಿದ ಹುಡುಗನಿಗೂ ಬಾಯಿ ತಪ್ಪಿ ಇದನ್ನೇ ಕೇಳಿಬಿಟ್ಟೆ. ಅವನು, "ಅಮ್ಮಾ, ಇಲ್ಲಿ ಕಿಟಕಿನೇ ಇಲ್ಲ" ಎಂದ. ಅದೂ ಒಳ್ಳೆಯ ಉತ್ತರವೇ. ಕಿಟಕಿ ಇಲ್ಲ ಎಂದು ನೋಡಿ ಹೇಳಲು ಅಲ್ಲೊಬ್ಬ ಮನುಷ್ಯ ಬೇಕು.

ಹೋದ ವಾರ ಬೆಳಗ್ಗೆ ಗಿಡಗಳಿಗೆ ನೀರು ಹಾಕಿ ಒಳಗೆ ಬರುವಷ್ಟರಲ್ಲಿ ನನ್ನ ಮೊಬೈಲು ತನ್ನಷ್ಟಕ್ಕೆ ಕಪ್ಪಾಗಿ, ಒಂದು ಗೆರೆ ತೋರಿಸಿ, ಮತ್ತೆ ಬೆಳಗಿತು. ಯಾರೋ ಎಲ್ಲಿಂದಲೋ ಅದರೊಳಗೆ ಹೊಸ ವ್ಯವಸ್ಥೆ ತುಂಬಿದ್ದರು. "ಎಲ್ಲವೂ ಸಿದ್ಧವಾಗಿದೆ" ಎಂದು ಬರೆದಿತ್ತು. ನಾನು ಅದನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಇದನ್ನು ಓದುವ ನೀವು ನಗಬಹುದು. ಆದರೆ ದೂರದ ಯಂತ್ರಗಳಿಗೆ ತಂತಿಯ ಮೂಲಕ ಹೊಸ ಜೀವ ತುಂಬುವ ಕೆಲಸವನ್ನು ನಾನೇ ಸಾಗರದಲ್ಲಿ ಕೂತು ಮಾಡಿದ್ದೇನೆ. ಆಗ ಈ ಮಾತು ನನಗೆ ಎಷ್ಟು ಹಿತವಾಗಿ ಕೇಳುತ್ತಿತ್ತು ಎಂಬುದನ್ನು ನೆನೆದರೇ ಭಯ.

ನನ್ನ ಅಪ್ಪ ರೈಲ್ವೆಯಲ್ಲಿ ಸಣ್ಣ ಕೆಲಸದಲ್ಲಿದ್ದರು. ಸಾಗರದ ಕಡೆಯ ಒಂಟಿ ಹಳಿಯ ಮೇಲೆ ದಿನಕ್ಕೆ ಬೆರಳೆಣಿಕೆಯಷ್ಟು ಗಾಡಿ. ಆದರೂ ಡ್ರೈವರಿನ ಕೈಗೆ ಬೆತ್ತದ ದೊಡ್ಡ ಬಳೆ ಸೇರದೆ ಗಾಡಿ ಹೊರಡುವಂತಿರಲಿಲ್ಲ. ಆ ಬಳೆಗೆ ಒಂದು ಚರ್ಮದ ಚೀಲ, ಅದರೊಳಗೆ ಮುಂದಿನ ಹಳಿ ಖಾಲಿ ಇದೆ ಎಂಬುದಕ್ಕೆ ಗುರುತಿನ ಗುಂಡು. ಮುಂದಿನ ಸ್ಟೇಷನ್ನಿನವರು ಬಾಯಿಯಲ್ಲಿ ಎಷ್ಟು ಸಲ "ಖಾಲಿ ಇದೆ, ಬಿಡಿ" ಎಂದರೂ ಅಪ್ಪ ಒಪ್ಪುತ್ತಿರಲಿಲ್ಲ. "ಬಾಯಿ ಇಲ್ಲಿರ್ತದೆ, ಹಳಿ ಅಲ್ಲಿರ್ತದೆ" ಎನ್ನುತ್ತಿದ್ದರು. ಮನೆಯಲ್ಲೂ ಅದೇ ಕಟ್ಟುನಿಟ್ಟು. ಹಲ್ಲುಜ್ಜಿದೆವೇ, ಲಾಂದ್ರದ ಗಾಜು ಒರೆಸಿದೆವೇ ಎಂಬುದಕ್ಕೆಲ್ಲ ಗೋಡೆಯ ಮೇಲೊಂದು ಪಟ್ಟಿ. ಕೆಲಸ ಆದ ಮೇಲೆ ಸೀಮೆಸುಣ್ಣದಲ್ಲಿ ಒಂದು ಟಿಕ್. ಅಪ್ಪನಿಂದ ನಾನು ಕಲಿತದ್ದು ಟಿಕ್ ಹಾಕುವುದನ್ನು. ಬಳೆಯ ಪಾಠ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಎಪ್ಪತ್ತರ ದಶಕವನ್ನು ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಳೆದೆ. ತಲೆಗೆ ಸಿಕ್ಕಿಸಿಕೊಳ್ಳುವ ಹೆಡ್‌ಫೋನು, ಎದುರಿಗೆ ತೂತುಗಳ ಹಲಗೆ, ಕೈಯಲ್ಲಿ ಒಂದು ತೂತಿಗೆ ಇನ್ನೊಂದನ್ನು ಜೋಡಿಸುವ ವೈರುಗಳು. ಸಾಗರದಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂದು ಅವರಿಗಿಂತ ಮೊದಲೇ ನಮಗೆ ತಿಳಿಯುತ್ತಿತ್ತು. ಹಲೋ ಎನ್ನುವ ಮೊದಲು ಎಳೆಯುವ ಉಸಿರಿನಲ್ಲೇ ನಾನು ಗಿರಾಕಿಯನ್ನು ಗುರುತಿಸುತ್ತಿದ್ದೆ. ಒಬ್ಬರು ಅಡಿಕೆ ವ್ಯಾಪಾರಿ, ಸುಳ್ಳು ಹೇಳುವ ಮೊದಲು ಒಮ್ಮೆ ಕೆಮ್ಮುತ್ತಿದ್ದರು. ಕೆಮ್ಮು ಕೇಳಿಸಿದ ಕೂಡಲೇ ಪಕ್ಕದ ಸೀಟಿನವಳು ನನ್ನನ್ನು ಮೊಣಕೈಯಿಂದ ತಿವಿಯುತ್ತಿದ್ದಳು. ಇಷ್ಟು ಕಿವಿ ಇದ್ದವಳು ಮುಂದೆ ಹೇಗೆ ಮೋಸಹೋದಳು ಎಂದು ಕೇಳಿದರೆ, ಕಿವಿಯ ಜಾಗಕ್ಕೆ ಕಾಗದ ಬಂತು ಎನ್ನಬೇಕು.

ಎಂಬತ್ತರ ದಶಕದ ಕೊನೆಯ ಕಡೆಗೆ ನಾನು ನಿಯೋಜನೆಯ ಮೇಲೆ ಇನ್ನೊಂದು ಇಲಾಖೆಗೆ ಹೋದೆ. ಮಳೆ ಮತ್ತು ಹೊಳೆಯ ನೀರಿನ ಮಟ್ಟ ಅಳೆಯುವ ಕೆಲಸ. ಹುಲಿಕಲ್ ಘಾಟಿಯ ತಲೆಯ ಮೇಲೊಂದು, ಹೊಸನಗರದಿಂದಾಚೆ ಹೊಳೆಯ ದಂಡೆಯಲ್ಲೊಂದು, ತೀರ್ಥಹಳ್ಳಿಯಲ್ಲಿ ತುಂಗೆಯ ಪಕ್ಕ ಒಂದು, ಹೀಗೆ ಮೂರು ಪುಟ್ಟ ಕೇಂದ್ರಗಳು. ಒಂದೊಂದರಲ್ಲಿ ಒಂದು ಕಂಪ್ಯೂಟರು, ಒಬ್ಬ ಅಟೆಂಡರು. ಮಾಪಕಗಳ ಲೆಕ್ಕವನ್ನು ಯಂತ್ರ ತಾನೇ ಹಿಡಿದಿಡುತ್ತಿತ್ತು. ಮಾಪಕದ ಬಾಯಿಗೆ ಬಿದ್ದ ಎಲೆ ತೆಗೆಯಲು, ನೀರಿನ ಗುರುತುಗಲ್ಲನ್ನು ಕಣ್ಣಿಂದ ಓದಲು ಮನುಷ್ಯ. ಮೂರೂ ಕಡೆಯಿಂದ ಒಂದೊಂದು ಟೆಲಿಫೋನ್ ತಂತಿ ಸಾಗರದ ನಮ್ಮ ಕೋಣೆಗೆ ಬರುತ್ತಿತ್ತು. ಅಲ್ಲಿ ದೊಡ್ಡ ಕಂಪ್ಯೂಟರು, ಕರಕರ ಎನ್ನುವ ಪ್ರಿಂಟರು, ಮತ್ತು ನಾನು.

ಆ ಕೋಣೆಗೆ ಚಪ್ಪಲಿ ಕಳಚಿಟ್ಟೇ ಹೋಗಬೇಕಿತ್ತು. ಧೂಳಿನ ಕಾರಣಕ್ಕೆ ಎಂದು ಎಂಜಿನಿಯರು ಹೇಳಿದ್ದರು. ಆದರೆ ಬರಿಗಾಲಲ್ಲಿ ಹೋದ ಜಾಗದಲ್ಲಿ ಕೈ ತಾನಾಗಿ ಮುಗಿಯುತ್ತದೆ. ಆಯುಧಪೂಜೆಯ ದಿನ ಜೀಪಿನ ಡ್ರೈವರು ಹೂವಣ್ಣ ಜೀಪಿಗೆ ಹಚ್ಚಿ ಮಿಕ್ಕ ಕುಂಕುಮವನ್ನು ಫ್ಲಾಪಿ ತೂರಿಸುವ ಸೀಳಿನ ಮೇಲೂ ಹಚ್ಚಿ, ನನ್ನಿಂದ ಬೈಸಿಕೊಂಡ. "ಅದಕ್ಕೂ ಬಾಯಿ ಇದೆಯಲ್ಲ ಅಕ್ಕ" ಎಂದ. ಒರೆಸಿದೆ. ಸೀಳಿನ ಅಂಚಿನಲ್ಲಿ ಒಂದು ಕೆಂಪು ಗೆರೆ ಮಾತ್ರ ಕೊನೆಯವರೆಗೂ ಹೋಗಲಿಲ್ಲ.

ದಿನಕ್ಕೆ ಎರಡು ಸಲ ಹಾಜರಿ. ಬೆಳಗ್ಗೆ ಏಳೂವರೆ, ಮಧ್ಯಾಹ್ನ ಒಂದೂವರೆ. ಅಟೆಂಡರು ಕೇಂದ್ರದಲ್ಲಿ ಕೂತು "ಎಲ್ಲ ಸರಿ" ಎಂದು ಟೈಪು ಮಾಡಬೇಕು. ಅದು ನಮ್ಮ ಪ್ರಿಂಟರಿನಲ್ಲಿ ಮೂಡಬೇಕು, ನಾನು ಪಟ್ಟಿಯಲ್ಲಿ ಟಿಕ್ ಹಾಕಬೇಕು. ಕಾಡಿನಂಚಿನಲ್ಲಿ ಒಂಟಿಯಾಗಿರುವ ಮೂವರು ಬದುಕಿದ್ದಾರೆ ಎಂಬುದಕ್ಕೆ ಇಲಾಖೆ ಇಟ್ಟುಕೊಂಡಿದ್ದ ಸಾಕ್ಷಿ ಇದೊಂದೇ. ಹಾಜರಿ ಬರದಿದ್ದರೆ ಜೀಪು ಕಳಿಸಬೇಕು, ಬಂದರೆ ಕಳಿಸಬೇಕಿಲ್ಲ.

ಹೊಸನಗರದ ಮಂಜುನಾಥ ದಿನಾ ಕಾಲು ಗಂಟೆ ತಡ. ತೀರ್ಥಹಳ್ಳಿಯ ಸದಾಶಿವನದು ಕೆಲವು ದಿನ ಎರಡು ಹೊತ್ತಿನದೂ ಒಟ್ಟಿಗೇ ಬರುತ್ತಿತ್ತು. ಹುಲಿಕಲ್ಲಿನ ತಿಮ್ಮಪ್ಪ ಮಾತ್ರ ಗಡಿಯಾರ. ಏಳೂವರೆ ಎಂದರೆ ಏಳೂವರೆ. ಅದೂ ಬರಿದೇ "ಎಲ್ಲ ಸರಿ" ಎನ್ನುವವನಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದ: ಎಲ್ಲ ಸರಿ. ಊಟ ಆಯ್ತಾ ಅಕ್ಕ. ಬೆಳಗ್ಗೆ ಏಳೂವರೆಗೆ ಊಟ ಎಲ್ಲಿಯದು ಎಂದು ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಒಬ್ಬ ಮನುಷ್ಯ ಹೊತ್ತಿಗೆ ಸರಿಯಾಗಿದ್ದಾನೆ ಎಂದರೆ ನನಗೆ ಅವನ ಉಳಿದದ್ದೆಲ್ಲ ಸರಿಯಾಗಿಯೇ ಕಾಣುತ್ತಿತ್ತು. "ತಿಮ್ಮಪ್ಪನ್ನ ನೋಡಿ ಕಲೀರಿ" ಎಂದು ಉಳಿದಿಬ್ಬರಿಗೆ ತಂತಿಯ ಮೇಲೆ ಎಷ್ಟೋ ಸಲ ಟೈಪು ಮಾಡಿ ಕಳಿಸಿದ್ದೆ.

ಹೀಗಿರುವಾಗ ಬೇಸಿಗೆಯಲ್ಲಿ ಹೊಸ ಸಿಸ್ಟಮ್ ಬಂತು. ಯಂತ್ರ ಎದ್ದ ಕೂಡಲೇ ತಾನು ಯಾರು, ಏನು ಮಾಡಬೇಕು ಎಂದು ತಿಳಿದುಕೊಳ್ಳುವ ಮೂಲ ಪಾಠವೇ ಸಿಸ್ಟಮ್. ಹಳೆಯ ಪಾಠ ಅಳಿಸಿ ಹೊಸದು ಬರೆಯಬೇಕು. ಎಂಜಿನಿಯರು ಮೈಸೂರಿನ ಕಡೆಯವರು, ಚಿಕ್ಕ ವಯಸ್ಸು. ಅವರ ಲೆಕ್ಕಾಚಾರ ಸರಳವಾಗಿತ್ತು: "ಒಂದು ಕೇಂದ್ರದಲ್ಲಿ ಕೈಯಾರೆ ಹಾಕಿ, ಎಲ್ಲ ಹೊಂದಿಸಿ ಸರಿ ಮಾಡೋಣ ಮೇಡಂ. ಆಮೇಲೆ ಆ ಯಂತ್ರದ ಹೊಟ್ಟೇಲಿರೋದನ್ನ ಪೂರ್ತಿ ನಕಲು ತೆಗೆದು ಉಳಿದ ಎರಡಕ್ಕೂ ತಂತಿ ಮೇಲೆ ಕಳಿಸಿದ್ರಾಯ್ತು. ತಾಯಿಪ್ರತಿ ಯಾವುದು ಮಾಡೋಣ?"

ನಾನು ಯೋಚಿಸಲೇ ಇಲ್ಲ. "ತಿಮ್ಮಪ್ಪಂದು" ಎಂದೆ. ತರಗತಿಯಲ್ಲಿ ನಕಲು ಮಾಡಬೇಕಾದರೆ ಜಾಣ ಹುಡುಗನ ಪುಸ್ತಕವನ್ನೇ ಕೇಳುವುದಲ್ಲವೇ?

ಹೂವಣ್ಣನ ಜೀಪಿನಲ್ಲಿ ಹುಲಿಕಲ್ಲಿಗೆ ಹೋಗಿ ತಾಯಿಪ್ರತಿಯ ಫ್ಲಾಪಿ ತಂದವಳು ನಾನೇ. ತಿಮ್ಮಪ್ಪ ಬೆಲ್ಲ, ನೀರು ಕೊಟ್ಟ. ಎತ್ತರದ ಆಳು, ತೆಳ್ಳಗೆ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಅವನ ಅಪ್ಪ ಗೇಣಿ ಮಾಡಿದ್ದ ನೆಲ ಎಪ್ಪತ್ತರ ದಶಕದ ಭೂಸುಧಾರಣೆಯಲ್ಲಿ ಸ್ವಂತದ್ದಾಗಿತ್ತು. ಆ ಮನೆಯಿಂದ ಸರ್ಕಾರಿ ಕೆಲಸಕ್ಕೆ ಬಂದ ಮೊದಲಿಗ ತಾನೆಂಬ ಹೆಮ್ಮೆ ಅವನ ನಡಿಗೆಯಲ್ಲೇ ಇತ್ತು. ನಾನು ಪಟ್ಟಿ ಓದಿದೆ, ಅವನು ಹೂಂಗುಟ್ಟಿದ. ಕೊನೆಗೆ ಪೆನ್ಸಿಲಿನಿಂದ ತಲೆ ಕೆರೆದುಕೊಂಡು, "ಇನ್ನೊಂದು ಸಣ್ಣದಿತ್ತು ಅಕ್ಕ, ನಾನೇ ಒಂಚೂರು..." ಎಂದ.

"ಪಟ್ಟೀಲಿ ಇದೆಯಾ?"

"ಪಟ್ಟೀಲಿಲ್ಲ."

"ಹಾಗಾದ್ರೆ ಅದು ಈಗ ಬೇಡ ಮಾರಾಯ, ಘಾಟಿ ಮೇಲೆ ಮಂಜು ಬರೋದ್ರೊಳಗೆ ಹೊರಡಬೇಕು."

ಅವನು ಪೆನ್ಸಿಲನ್ನು ಮತ್ತೆ ಕಿವಿಯ ಮೇಲಿಟ್ಟ. ನಾನು ಕೊನೆಯ ಟಿಕ್ ಹಾಕಿದೆ.

ತಂತಿಯ ಮೇಲೆ ಸಿಸ್ಟಮ್ ಕಳಿಸುವುದು ಒಂದೂಕಾಲು ಗಂಟೆಯ ಕೆಲಸ. ಆ ಹೊತ್ತಿನಲ್ಲಿ ಲೈನಿಗೆ ಕಿವಿಕೊಟ್ಟರೆ ಸಣ್ಣ ಸಿಳ್ಳೆ ಕೇಳುತ್ತಿತ್ತು. ಉಸಿರೆಳೆಯದೆ ಹಾಕುವ ಸಿಳ್ಳೆ. ಟೆಲಿಫೋನಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದ ನನಗೆ ಉಸಿರಿಲ್ಲದ ದನಿ ಅಂದೇ ಮೊದಲು. ತೆರೆಯ ಮೇಲೆ ಅಂಕಿಗಳು ಏರುತ್ತಿದ್ದವು. ಕೊನೆಯ ಅಂಕಿ ಬಿದ್ದ ಮೇಲೆ ಆ ಕಡೆಯ ಯಂತ್ರ ಒಂದು ನಿಮಿಷ ಪೂರ್ತಿ ಇಲ್ಲವಾಗುತ್ತಿತ್ತು. ಕರೆದರೆ ಓಗೊಡುತ್ತಿರಲಿಲ್ಲ. ಆಮೇಲೆ ಎಚ್ಚರವಾದಾಗ ಅದಕ್ಕೆ ತನ್ನದೆನ್ನುವುದು ಏನೂ ನೆನಪಿರುತ್ತಿರಲಿಲ್ಲ. ಹುಲಿಕಲ್ಲಿನ ಯಂತ್ರಕ್ಕೆ ನೆನಪಿದ್ದದ್ದೆಲ್ಲ ನೆನಪಿರುತ್ತಿತ್ತು. ಕೇಂದ್ರದ ಹೆಸರನ್ನು ಮಾತ್ರ ನಾವು ಇಲ್ಲಿಂದ ತಿದ್ದುತ್ತಿದ್ದೆವು. ಹೊಸನಗರ ಎದ್ದಿತು. ತೀರ್ಥಹಳ್ಳಿ ಎದ್ದಿತು. ಎಂಜಿನಿಯರು ಕೈ ಒರೆಸಿಕೊಂಡರು.

ಮರುದಿನ ಬೆಳಗ್ಗೆ ಏಳೂವರೆಗೆ ಪ್ರಿಂಟರು ಮೂರು ಸಾಲು ಹೊಡೆಯಿತು.

ಹುಲಿಕಲ್: ಎಲ್ಲ ಸರಿ. ಊಟ ಆಯ್ತಾ ಅಕ್ಕ.
ಹೊಸನಗರ: ಎಲ್ಲ ಸರಿ. ಊಟ ಆಯ್ತಾ ಅಕ್ಕ.
ತೀರ್ಥಹಳ್ಳಿ: ಎಲ್ಲ ಸರಿ. ಊಟ ಆಯ್ತಾ ಅಕ್ಕ.

ನಾನು ಏನೆಂದುಕೊಂಡೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಉಳಿದಿಬ್ಬರೂ ಕೊನೆಗೆ ತಿಮ್ಮಪ್ಪನನ್ನು ನೋಡಿ ಕಲಿತರು ಎಂದು ಹಿಗ್ಗಿದೆ. ಮಾತನ್ನೂ ನಕಲು ಮಾಡಿದ್ದಾರೆ, ತುಂಟರು, ನನ್ನನ್ನು ಅಣಕಿಸುತ್ತಿರಬೇಕು, ಅಣಕಿಸಲಿ, ಹೊತ್ತಿಗೆ ಬಂತಲ್ಲ ಎಂದುಕೊಂಡೆ. ಅತ್ತ ಅವರು ಅಂದುಕೊಂಡದ್ದೇ ಬೇರೆ. ಹೊಸ ಸಿಸ್ಟಮ್ ಹಾಜರಿಯನ್ನು ತಾನೇ ಕಳಿಸುತ್ತದೆ, ಅಕ್ಕನೇ ಹಾಗೆ ಮಾಡಿಸಿದ್ದಾರೆ ಎಂದು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಬೇಸಿಗೆಯ ಮತ್ತು ಅರ್ಧ ಮಳೆಗಾಲದ ನನ್ನ ಪಟ್ಟಿಯಲ್ಲಿ ಒಂದೇ ಒಂದು ಖಾಲಿ ಮನೆ ಇಲ್ಲ. ನನ್ನ ಸೇವೆಯಲ್ಲೇ ಅಷ್ಟು ಚೆಂದದ ಪುಟಗಳು ಬೇರೆ ಇಲ್ಲ.

ಮಳೆಗಾಲದ ಒಂದು ಶನಿವಾರ ತಿಮ್ಮಪ್ಪ ಜ್ವರ ಎಂದು ಕೇಂದ್ರಕ್ಕೆ ಬೀಗ ಹಾಕಿ, ಹೂವಣ್ಣನ ಜೀಪಿನಲ್ಲೇ ಸಾಗರಕ್ಕೆ ಬಂದ. ಅವನ ಮನೆ ಊರಂಚಿನಲ್ಲಿ, ನಮ್ಮ ಆಫೀಸಿನಿಂದ ಹತ್ತು ನಿಮಿಷದ ದಾರಿ. ಯಂತ್ರ ಮಳೆಯ ಲೆಕ್ಕ ಇಡಬೇಕಾದ್ದರಿಂದ ಅದನ್ನು ಆರಿಸಿರಲಿಲ್ಲ. ಕೇಂದ್ರದ ಬೀಗದ ಕೈಯನ್ನು ಹೂವಣ್ಣ ತಂದು ನನ್ನ ಮೇಜಿನೆದುರಿನ ಮೊಳೆಗೆ ತೂಗುಹಾಕಿದ. ಇನ್ನೊಂದು ಕೀಲಿ ಇರಲಿಲ್ಲ.

ಭಾನುವಾರ ರಜೆ. ಸೋಮವಾರ ಬೆಳಗ್ಗೆ ಬಂದು, ಶನಿವಾರ ಮಧ್ಯಾಹ್ನದಿಂದ ಬಂದು ಬಿದ್ದಿದ್ದ ಸಾಲುಗಳಿಗೆಲ್ಲ ಟಿಕ್ ಹಾಕಿದೆ. ಹುಲಿಕಲ್ಲಿಗೂ ಹಾಕಿದೆ. ಕೀಲಿ ನನ್ನ ಹಣೆಯ ಎದುರಿಗೆ ತೂಗುತ್ತಿತ್ತು. ಕೈಗೆ ತಾಳ ಸಿಕ್ಕಿದ ಮೇಲೆ ಕಣ್ಣು ಕೆಲಸ ಮಾಡುವುದಿಲ್ಲ.

ಹತ್ತು ಗಂಟೆಗೆ ಸುದ್ದಿ ಬಂತು. ತಿಮ್ಮಪ್ಪ ಅಂದು ನಸುಕಿನಲ್ಲಿ ತೀರಿಕೊಂಡಿದ್ದ. ಆಫೀಸಿಗೆ ಆಫೀಸೇ ಅವನ ಮನೆಗೆ ಹೊರಟಿತು. "ನೀವೂ ಬನ್ನಿ ಅಕ್ಕ" ಎಂದು ಹೂವಣ್ಣ ಕರೆದ. ಒಂದೂವರೆಯ ಹಾಜರಿ ಮುಗಿಸಿ ಬರುತ್ತೇನೆ ಎಂದೆ. ಅವನು ನನ್ನ ಮುಖವನ್ನು ಒಂದು ತರಹ ನೋಡಿ ಹೋದ.

ಕೋಣೆಯಲ್ಲಿ ನಾನೊಬ್ಬಳೇ. ಹೊರಗೆ ಮಳೆ ಹಿಡಿದಿತ್ತು. ಹೆಂಚಿನ ಮಾಡಿನ ಸದ್ದು ಬಿಟ್ಟರೆ ಯಂತ್ರದ ಫ್ಯಾನಿನ ಸದ್ದು ಮಾತ್ರ. ಬುತ್ತಿ ತಂದಿದ್ದೆ, ಬಿಚ್ಚಲು ಮನಸ್ಸು ಬರಲಿಲ್ಲ. ತಿಮ್ಮಪ್ಪನ ಹೆಸರಿನ ಎದುರು ಇನ್ನು ಏನು ಬರೆಯುವುದು ಎಂದು ಪಟ್ಟಿ ನೋಡುತ್ತ ಕೂತಿದ್ದೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಐವತ್ತು. ಪ್ರಿಂಟರು ಕರಕರ ಎಂದಿತು.

ಹುಲಿಕಲ್: ಎಲ್ಲ ಸರಿ. ಊಟ ಆಯ್ತಾ ಅಕ್ಕ.

ನಾನು ಕಾಗದ ನೋಡಿದೆ, ಕೀಲಿ ನೋಡಿದೆ. ಕೀಲಿ ಮೊಳೆಯ ಮೇಲೆ ಸುಮ್ಮನೆ ತೂಗುತ್ತಿತ್ತು. ಎಷ್ಟು ಹೊತ್ತು ಹಾಗೆ ನೋಡಿದೆನೋ ತಿಳಿಯದು. ಕಾಲಿನಡಿಯ ಸಿಮೆಂಟು ತಣ್ಣಗಾಗಿ, ಆ ತಂಪು ಮೊಣಕಾಲಿನವರೆಗೆ ಏರಿದ್ದು ನೆನಪಿದೆ. ಹೆದರಿಕೆ ಆಯಿತೇ ಎಂದರೆ, ಆಯಿತು. ಓಡಲಿಲ್ಲ, ಅಷ್ಟೇ. ನನ್ನ ಕೈ ಪೆನ್ಸಿಲು ಹಿಡಿದು ಟಿಕ್ ಹಾಕಲು ಪಟ್ಟಿಯ ಕಡೆಗೆ ಹೊರಟಿತ್ತು. ಅದನ್ನು ಕಂಡಾಗ ಇನ್ನೂ ಹೆಚ್ಚು ಹೆದರಿದೆ.

ಬಳೆ ಇಲ್ಲಿದೆ, ಗಾಡಿ ಅಲ್ಲಿ ಓಡುತ್ತಿದೆ. ಅಪ್ಪ ಇದ್ದಿದ್ದರೆ ಮೊದಲು ಏನು ಕೇಳುತ್ತಿದ್ದರು? ಈ ಗಾಡಿ ಹೇಗೆ ಹೋಯಿತು ಎಂದಲ್ಲ. ಹಳಿಯ ಮೇಲೆ ಇನ್ಯಾರಿದ್ದಾರೆ ಎಂದು. ಬೀಗ ಹಾಕಿದ ಕೋಣೆಯಿಂದ, ಸತ್ತವನ ಬಾಯಿಂದ "ಎಲ್ಲ ಸರಿ" ಬರಬಹುದಾದರೆ, ಅದೇ ಮಾತನ್ನು ತಿಂಗಳುಗಟ್ಟಲೆ ಕಳಿಸುತ್ತಿರುವ ಉಳಿದಿಬ್ಬರು ಎಲ್ಲಿ?

ತೀರ್ಥಹಳ್ಳಿಗೆ ಟೈಪು ಮಾಡಿದೆ. ಏನು ಕೇಳಬೇಕೆಂದು ಹೊಳೆಯದೆ ಬೆರಳಿಗೆ ಬಂದದ್ದನ್ನು ಕೇಳಿದೆ: ಕಿಟಕಿಯ ಹೊರಗೆ ಎಂತ ಕಾಣ್ತದೆ?

ಎರಡು ನಿಮಿಷ ಬಿಟ್ಟು ಉತ್ತರ ಬಂತು. ದೋಣಿ. ಕಟ್ಟಿ ಹಾಕಿದಾರೆ. ಎಂತಕ್ಕೆ ಅಕ್ಕ.

ಸದಾಶಿವ ಇದ್ದ. ಅದೇ ಪ್ರಶ್ನೆಯನ್ನು ಹೊಸನಗರಕ್ಕೆ ಕಳಿಸಿದೆ. ಎರಡು ನಿಮಿಷ. ಐದು. ಹತ್ತು. ಮತ್ತೆರಡು ಸಲ ಕಳಿಸಿದೆ. ತಂತಿಯನ್ನು ಯಂತ್ರದಿಂದ ಬಿಡಿಸಿ, ಫೋನಿಗೆ ಸಿಕ್ಕಿಸಿ, ರಿಸೀವರನ್ನು ಕಿವಿಗೆ ಹಿಡಿದೆ. ಸಿಳ್ಳೆ. ಯಂತ್ರ ಇದೆ, ತಂತಿ ಇದೆ, ಉಸಿರಿಲ್ಲ. ಮತ್ತೆ ಜೋಡಿಸಿ ಕಾದೆ. ಒಂದೂವರೆಗೆ ಸರಿಯಾಗಿ ಪ್ರಿಂಟರು ಓಡಿತು. ನಾನು ಕೇಳಿದ ಮೂರು ಪ್ರಶ್ನೆಗಳ ಕೆಳಗೆ, ಸ್ವಲ್ಪವೂ ಅವಸರವಿಲ್ಲದೆ:

ಹೊಸನಗರ: ಎಲ್ಲ ಸರಿ. ಊಟ ಆಯ್ತಾ ಅಕ್ಕ.

ಕೊಡೆಯನ್ನೂ ತೆಗೆದುಕೊಳ್ಳದೆ ತಿಮ್ಮಪ್ಪನ ಮನೆಗೆ ಓಡಿದೆ. ಅಂಗಳದಲ್ಲಿ ಜನ. ಹೂವಣ್ಣ ಸೌದೆ ಹೊರಲು ನಿಂತಿದ್ದ. "ಹೊಸನಗರಕ್ಕೆ ಹೋಗಬೇಕು, ಈಗಲೇ" ಎಂದೆ.

"ಎತ್ತೋಕೆ ಇನ್ನೂ ಇದೆ ಅಕ್ಕ. ಇವ್ನು ನಮ್ಮವ. ಹೆಣ ಬಿಟ್ಟು ಹ್ಯಾಂಗೆ ಬರ್ಲಿ?"

"ಅಲ್ಲಿ ಮಂಜುನಾಥ ಇದಾನೋ ಇಲ್ವೋ ಗೊತ್ತಿಲ್ಲ."

"ಹಾಜರಿ ಬಂದಿಲ್ವಾ?"

"ಬಂದಿದೆ."

"ಬಂದಿದ್ರೆ ಮತ್ತೆಂತ?"

ನಾನು ಒಳಗೆ ಹೋದೆ. ಆ ದಿನ ಮಾಡಿದ್ದಕ್ಕೆ ಇಂದಿಗೂ ನನಗೆ ಕ್ಷಮೆ ಇದೆಯೋ ಇಲ್ಲವೋ. ಗಂಡನ ತಲೆಯ ಹತ್ತಿರ ಕೂತಿದ್ದ ಹೆಂಗಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಎರಡು ಸಮಾಧಾನದ ಮಾತೂ ಆಡದೆ ಕೇಳಿದೆ, "ತಿಮ್ಮಪ್ಪ ಆ ಯಂತ್ರಕ್ಕೆ ಏನಾದ್ರೂ ಹೇಳಿಟ್ಟಿದ್ನಾ ತಂಗಿ?"

ಅವಳು ನನ್ನನ್ನು ನೋಡಿದಳು. ಅತ್ತು ಅತ್ತು ದನಿ ಒಡೆದಿತ್ತು. "ನಿಮಗೇ ಅಂತ ಒಂದು ಮಾಡಿಟ್ಟೀನಿ ಅಂದಿದ್ರು. ಮಾಪಕದ ಹತ್ರ ಹೋದಾಗ ತಡ ಆಗ್ತದೆ, ತಡ ಆದ್ರೆ ಅಕ್ಕ ಬೈತಾರೆ, ಅದಕ್ಕೆ ಹೊತ್ತಿಗೆ ಸರಿಯಾಗಿ ಅದೇ ಹೇಳ್ತದೆ ಅಂದಿದ್ರು. ಹೇಳ್ತಾ ಇಲ್ವಾ?"

"ಹೇಳ್ತಾ ಇದೆ" ಎಂದೆ.

ಬಾಗಿಲಲ್ಲಿ ನಿಂತಿದ್ದ ಹೂವಣ್ಣ ಕೇಳಿಸಿಕೊಂಡಿದ್ದ. ಅವನಿಗೆ ನನಗಿಂತ ಬೇಗ ಅರ್ಥವಾಯಿತು. ಹೆಗಲ ಮೇಲಿನ ಟವೆಲನ್ನು ತಿಮ್ಮಪ್ಪನ ತಮ್ಮನ ಕೈಗೆ ಕೊಟ್ಟು, ಹೆಣಕ್ಕೆ ಕೈ ಮುಗಿದು, ಜೀಪಿನ ಕಡೆ ನಡೆದ.

ಹೂವಣ್ಣ ಜೀಪನ್ನು ಎಷ್ಟು ಬೇಗ ಓಡಿಸಬಹುದೋ ಅಷ್ಟು ಬೇಗ ಓಡಿಸಿದ. ದಾರಿಯಲ್ಲಿ ಒಮ್ಮೆ, "ಇಷ್ಟು ದಿನ ನೀವು ಯಾರಿಗೆ ಟಿಕ್ ಹಾಕ್ತಿದ್ರಿ ಅಕ್ಕ?" ಎಂದ. ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು. ವೈಪರು ಆಚೆ ಈಚೆ ಹೋಗುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಹೊಸನಗರ ದಾಟಿ, ರಸ್ತೆ ಬಿಟ್ಟು, ಹೊಳೆಯ ಕಡೆಗೆ ಇಳಿದಾಗ ನಾಲ್ಕು ಗಂಟೆ. ಕೇಂದ್ರದ ಬಾಗಿಲು ಮುಚ್ಚಿ ಚಿಲಕ ಹಾಕಿತ್ತು. ಗಾಜಿನೊಳಗೆ ಯಂತ್ರದ ಹಸಿರು ದೀಪ ನೆಮ್ಮದಿಯಾಗಿ ಉರಿಯುತ್ತಿತ್ತು. ಜಗಲಿಯ ಮೇಲೆ, ಬಾಗಿಲಿಗೆ ಬೆನ್ನು ಕೊಟ್ಟು, ಒದ್ದೆ ಗೋಣಿ ಹೊದ್ದುಕೊಂಡು ಮಂಜುನಾಥ ಒರಗಿದ್ದ. ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ಹೂವಣ್ಣ ಹತ್ತಿರ ಹೋಗಿ ಮೂಗಿನೆದುರು ಕೈ ಹಿಡಿದು, ತಿರುಗಿ ನನ್ನ ಕಡೆ ನೋಡಿ ತಲೆಯಾಡಿಸಿದ. ಇದ್ದಾನೆ.

ಭಾನುವಾರ ಬೆಳಗ್ಗೆ ಗುರುತುಗಲ್ಲು ಓದಲು ಇಳಿದವನು ಹೊಳೆಯ ಮೆಟ್ಟಿಲಲ್ಲಿ ಪಾಚಿಗೆ ಜಾರಿ ತೊಡೆ ಮುರಿದುಕೊಂಡಿದ್ದ. ಹದಿಮೂರು ಮೆಟ್ಟಿಲನ್ನು ಕೈಯೂರಿ ತೆವಳಿಕೊಂಡು ಜಗಲಿಗೆ ಬಂದಿದ್ದ. ಚಿಲಕ ಎತ್ತರದಲ್ಲಿತ್ತು. ಏಳಲಾಗಲಿಲ್ಲ. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು, ಆ ದಾರಿಯಲ್ಲಿ ಮಳೆಗಾಲದಲ್ಲಿ ಯಾರೂ ಬರುವುದಿಲ್ಲ. ಮಾಡಿನ ನೀರು ಕುಡಿದು ಒಂದೂವರೆ ದಿನ ಅಲ್ಲಿದ್ದ.

ಜೀಪಿನ ಹಿಂದೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಆಸ್ಪತ್ರೆಯ ದಾರಿಯಲ್ಲಿ ಅವನು ಕಣ್ಣು ತೆರೆಯದೆ ಮಾತಾಡಿದ.

"ಅದು ಹೇಳ್ತಾ ಇತ್ತು ಅಕ್ಕ. ಹೊತ್ತಾದ ಕೂಡ್ಲೇ ಒಳಗೆ ಟಿಕ್ ಟಿಕ್ ಅಂತ ಸದ್ದಾಗ್ತದಲ್ಲ, ಕಳಿಸೋವಾಗ. ಬೆಳಗ್ಗೆ, ಮಧ್ಯಾಹ್ನ, ಮತ್ತೆ ಬೆಳಗ್ಗೆ. ನಾನು ಬಾಗಿಲು ಬಡೀತಿದ್ದೆ. ಸುಮ್ನಿರು, ಹೇಳ್ಬೇಡ ಅಂತಿದ್ದೆ. ಒಂದ್ಸಲ ಅದು ಹೇಳದೇ ಇದ್ರೆ ನೀವು ಬರ್ತೀರಿ ಅಂತ ಗೊತ್ತಿತ್ತು. ಅದು ಬಿಡ್ಲೇ ಇಲ್ಲ."

ಬಾಗಿಲಿನ ಆ ಕಡೆ ಯಂತ್ರ ಅವನ ಹೆಸರಿನಲ್ಲಿ ಎಲ್ಲ ಸರಿ ಎನ್ನುತ್ತಿತ್ತು, ಈ ಕಡೆ ಅವನು ಕೇಳುತ್ತಿದ್ದ, ಸಾಗರದಲ್ಲಿ ನಾನು ಟಿಕ್ ಹಾಕುತ್ತಿದ್ದೆ. ಅವನು ಕೇಳಿದ್ದು ಟಿಕ್ ಟಿಕ್ ಎಂಬ ಸದ್ದೇ ಎನ್ನುವುದು ಎಷ್ಟೋ ದಿನ ನನ್ನನ್ನು ಬಿಡಲಿಲ್ಲ.

ಮರುದಿನ ಪಟ್ಟಿಯಲ್ಲಿ ಹೊಸನಗರದ ಆ ಟಿಕ್‌ಗಳನ್ನು ಅಡ್ಡ ಗೆರೆ ಎಳೆದು ಹೊಡೆದು, ಪಕ್ಕದಲ್ಲಿ "ನೋಡದೆ ಹಾಕಿದ್ದು" ಎಂದು ಬರೆದು ಸಹಿ ಮಾಡಿದೆ. ಎಂಜಿನಿಯರು ತಾಯಿಪ್ರತಿ ತೆರೆದು ತಿಮ್ಮಪ್ಪನ ಸಾಲನ್ನು ಹುಡುಕಿ ತೋರಿಸಿದರು. ಚಿಕ್ಕ ಸಾಲು. ಪೆನ್ಸಿಲಿನಿಂದ ತಲೆ ಕೆರೆದುಕೊಂಡು "ಇನ್ನೊಂದು ಸಣ್ಣದಿತ್ತು" ಎಂದವನ ದನಿ ಕಿವಿಯಲ್ಲಿ ಹಾಗೇ ಇತ್ತು. ಅವನ ಬಾಯಿ ಮುಚ್ಚಿಸಿದವಳು ನಾನು. ಸಾಲು ತೆಗೆದ ಹೊಸ ಪ್ರತಿಯನ್ನು ಮತ್ತೆ ಮೂರು ಕಡೆಗೂ ಕಳಿಸಬೇಕಿತ್ತು. ಹುಲಿಕಲ್ಲಿಗೆ ಕಳಿಸುವ ಮೊದಲು ಎಂಜಿನಿಯರು ಹೊರಗೆ ಹೋಗುವವರೆಗೆ ಕಾದೆ. ಅಷ್ಟು ದಿನ ದಿನಕ್ಕೆರಡು ಸಲ ಕೇಳಿದ ಪ್ರಶ್ನೆಗೆ ನಾನು ಒಮ್ಮೆಯೂ ಉತ್ತರ ಕೊಟ್ಟಿರಲಿಲ್ಲ. "ಇನ್ನೂ ಇಲ್ಲ ತಿಮ್ಮಪ್ಪ" ಎಂದು ಟೈಪು ಮಾಡಿದೆ. ಆಮೇಲೆ ಕಳಿಸುವ ಗುಂಡಿ ಒತ್ತಿದೆ. ಒಂದೂಕಾಲು ಗಂಟೆ ಸಿಳ್ಳೆ ಕೇಳಿತು. ಒಂದು ನಿಮಿಷ ಅವನು ಇಲ್ಲವಾದ. ಎದ್ದಾಗ ಎದ್ದದ್ದು ಬರಿಯ ಯಂತ್ರ.

ಒಂದು ಮಾತು ಉಳಿಯಿತು. ಆ ಸಾಲಿನಲ್ಲಿ ಬರೆದಿದ್ದ ಹೊತ್ತು ಏಳೂವರೆ ಮತ್ತು ಒಂದೂವರೆ. ಸೋಮವಾರ ಮಾತ್ರ ಹುಲಿಕಲ್ಲಿನ ಸಾಲು ಬಂದದ್ದು ಹನ್ನೆರಡು ಐವತ್ತಕ್ಕೆ. ಒಂದೂವರೆಗೆ ಉಳಿದೆರಡರ ಜೊತೆ ಸೇರಿ ಬಂದಿದ್ದರೆ, ನನ್ನ ಕೈಯನ್ನು ನಾನು ಬಲ್ಲೆ, ಮೂರಕ್ಕೂ ಟಿಕ್ ಹಾಕಿ, ಕದ ಎಳೆದುಕೊಂಡು ಸಾವಿನ ಮನೆಗೆ ಹೋಗುತ್ತಿದ್ದೆ. ಮಂಜುನಾಥ ಇನ್ನೊಂದು ದಿನ ತಡೆಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಘಾಟಿಯಲ್ಲಿ ಕರೆಂಟು ಹೋಗಿ ಬಂದು ಯಂತ್ರದ ಗಡಿಯಾರ ಹೆಚ್ಚುಕಡಿಮೆಯಾಗಿರಬೇಕು ಎಂದರು ಎಂಜಿನಿಯರು. ಕರೆಂಟು ಹೋದರೆ ಗಡಿಯಾರ ಹಿಂದೆ ಬೀಳಬೇಕಲ್ಲ, ಮುಂದೆ ಹೇಗೆ ಓಡಿತು ಎಂದು ಕೇಳಿದೆ. ಅವರು ಇನ್ನೂ ಏನೇನೋ ವಿವರಿಸಿದರು. ನಾನು ಒಪ್ಪಿಕೊಂಡೆ. ಟಿಕ್ ಮಾತ್ರ ಹಾಕಿಲ್ಲ.

ಅಂದಿನಿಂದ ಹಾಜರಿಯ ಕ್ರಮ ಬದಲಾಯಿತು. ಅವರು ಹೇಳುವುದಲ್ಲ, ನಾನು ಕೇಳುವುದು. ದಿನಕ್ಕೊಂದು ಪ್ರಶ್ನೆ, ಮೊದಲೇ ಬರೆದಿಡಲಾಗದಂಥದ್ದು. ಸದಾಶಿವನಿಗೆ ಇದು ಪರೀಕ್ಷೆಯ ಹಾಗೆ. "ಇವತ್ತು ಸುಲಭದ್ದು ಕೇಳಿ ಅಕ್ಕ" ಎಂದು ಗೋಗರೆಯುತ್ತಿದ್ದ.

ದೀಪಾವಳಿ ಕಳೆದು ಎಷ್ಟೋ ದಿನಗಳ ಮೇಲೆ ಮಂಜುನಾಥ ಊರುಗೋಲು ಹಿಡಿದು ಕೆಲಸಕ್ಕೆ ಬಂದ. ಅದೇ ಕೇಂದ್ರಕ್ಕೆ. ಬೇರೆ ಕಡೆ ಹಾಕಿಸುತ್ತೇನೆ ಎಂದರೆ ಒಪ್ಪಲಿಲ್ಲ. ಚಿಲಕವನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿಕೊಡಿ, ಸಾಕು ಎಂದ. ಮೊದಲ ದಿನ ಬೆಳಗ್ಗೆ ಏಳೂವರೆಗೆ ನಾನು ತಂತಿಯ ಮುಂದೆ ಕೂತೆ. ಬೇರೆ ಪ್ರಶ್ನೆ ಬರೆದುಕೊಂಡು ಬಂದಿದ್ದೆ. ಬೆರಳು ಕೇಳಲಿಲ್ಲ.

ಕಿಟಕಿಯ ಹೊರಗೆ ಎಂತ ಕಾಣ್ತದೆ?

ಬಹಳ ಹೊತ್ತು ಏನೂ ಬರಲಿಲ್ಲ. ಊರುಗೋಲು ಹಿಡಿದು ಕಿಟಕಿಯವರೆಗೆ ಹೋಗಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಆಮೇಲೆ ಪ್ರಿಂಟರು ಓಡಿತು. ಒಂದೊಂದೇ ಅಕ್ಷರ, ನಡುವೆ ನಿಂತು ನಿಂತು, ಮನುಷ್ಯ ಟೈಪು ಮಾಡುವ ಹಾಗೆ.

ಮೆಟ್ಟಿಲು ಕಾಣ್ತದೆ ಅಕ್ಕ. ಅದರ ಮೇಲೆ ಯಾರೂ ಬಿದ್ದಿಲ್ಲ.

ನಾನು ಟಿಕ್ ಹಾಕಿದೆ.